ಮೊಳಕೆ ಬಂದ ಸಸಿ ಮೂರೇ ದಿನಕ್ಕೆ ಮಲಗಿಬಿಡುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಬಾಲ್ಕನಿಯಲ್ಲಿ ಪಿವಿಸಿ ಪೈಪಿನ ಸಣ್ಣ ಹೈಡ್ರೊಪೋನಿಕ್ಸ್ (ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ವ್ಯವಸ್ಥೆ) ಇಟ್ಟುಕೊಂಡಿದ್ದೇವೆ. ಬೇಸಿಗೆಗೆ ಮುಂಚೆ ಲೆಟ್ಯೂಸ್ ಚೆನ್ನಾಗಿ ಬಂದಿತ್ತು. ಮಳೆ ಹಿಡಿದ ಮೇಲೆ ಮಾತ್ರ ಸ್ಪಂಜಿನಲ್ಲಿ ಹಾಕಿದ ಬೀಜ ಮೊಳೆಯುತ್ತದೆ, ದಾರದ ಹಾಗೆ ಉದ್ದಕ್ಕೆ ಏಳುತ್ತದೆ, ಆಮೇಲೆ ಬಿದ್ದುಹೋಗುತ್ತದೆ. ಮೂರು ಸಲ ಹೀಗಾಯಿತು. ನೀರಿಗೆ ಪೋಷಕಾಂಶ ಜಾಸ್ತಿ ಹಾಕಬೇಕೆ?

ಉತ್ತರ: ಪೋಷಕಾಂಶದ ಬಾಟಲಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಮೊದಲ ಐದಾರು ದಿನಕ್ಕೆ ಬೇಕಾದ ಬುತ್ತಿಯನ್ನು ಬೀಜ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಆ ಹೊತ್ತಿನಲ್ಲಿ ಗಟ್ಟಿ ದ್ರಾವಣ ಕೊಟ್ಟರೆ ಎಳೆ ಬೇರಿನ ತುದಿ ಸುಡುತ್ತದೆ, ಸ್ಪಂಜಿನ ಮೇಲೆ ಪಾಚಿ ಕಟ್ಟುತ್ತದೆ, ಅಷ್ಟೇ.

ಬಿದ್ದ ಸಸಿಯೊಂದನ್ನು ಕೈಗೆತ್ತಿಕೊಂಡು ಅದರ ಕತ್ತು ನೋಡಿ. ಕತ್ತು ಎಂದರೆ ಕಾಂಡ ಸ್ಪಂಜಿನಿಂದ ಹೊರಬರುವ ಜಾಗ. ಅಲ್ಲಿ ಕಾಂಡ ಬಿಳಿಯಾಗಿ, ಸಣ್ಣದಾಗಿ, ಆದರೆ ಗಾಯವಿಲ್ಲದೆ ಇದ್ದರೆ ಅದು ಬೆಳಕಿನ ಬರ. ಚಿವುಟಿದ ಹಾಗೆ ಒಳಕ್ಕೆ ಸೊರಗಿ, ಕಂದಾಗಿ, ನೀರು ಕುಡಿದಂತೆ ಮೆತ್ತಗಾಗಿದ್ದರೆ ಅದು ಕೊಳೆ. ಮಲೆನಾಡಿನ ಮಳೆಗಾಲದಲ್ಲಿ ಎರಡೂ ಒಂದೇ ಟ್ರೇಯಲ್ಲಿ ಸಿಗುವುದು ಹೊಸದೇನಲ್ಲ. ಬೆಳಕಿಲ್ಲದೆ ಸೊರಗಿದ ಕಾಂಡಕ್ಕೆ ಕೊಳೆ ಬಲುಬೇಗ ತಗಲುತ್ತದೆ. ನಿಮ್ಮ ವಿವರಣೆಯಲ್ಲಿ ‘ದಾರದ ಹಾಗೆ’ ಎಂದಿರುವುದರಿಂದ ಮೂಲ ಬೆಳಕಿನದೇ ಎನ್ನಬಹುದು.

ಕಿಟಕಿ ಪಕ್ಕದ ಬೆಳಕು ನಮ್ಮ ಕಣ್ಣಿಗೆ ಧಾರಾಳವಾಗಿ ಕಾಣುತ್ತದೆ. ಕಣ್ಣು ಬಹಳ ಹೊಂದಿಕೊಳ್ಳುತ್ತದೆ, ಸಸಿ ಹೊಂದಿಕೊಳ್ಳುವುದಿಲ್ಲ. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ದರೆ, ಪುನರ್ವಸು, ಪುಷ್ಯ ಮಳೆಯ ದಟ್ಟ ಮೋಡದಡಿ ಬಯಲಲ್ಲೇ ಅದು 5-10 ಸಾವಿರಕ್ಕೆ ಇಳಿಯುತ್ತದೆ. ಕಿಟಕಿಯಿಂದ ಒಂದು ಮೀಟರ್ ಒಳಗೆ ಬಂದರೆ ಉಳಿಯುವುದು ಕೆಲವು ನೂರು. ಲೆಟ್ಯೂಸ್ ಸಸಿ ಗಿಡ್ಡಗೆ, ದಪ್ಪಗೆ ಬರಬೇಕಾದರೆ 8-10 ಸಾವಿರ ಲಕ್ಸ್ ಬೆಳಕು ದಿನಕ್ಕೆ 14-16 ಗಂಟೆ ಸಿಗಬೇಕು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಲೆಕ್ಕ ಕರಾರುವಾಕ್ಕಾಗಿರದಿದ್ದರೂ ನೂರಕ್ಕೂ ಹತ್ತು ಸಾವಿರಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತವೆ.

ಇದಕ್ಕೆ ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ ಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಎರಡು ತನ್ನಿ. ಡಬ್ಬದ ಮೇಲೆ 6500ಕೆ ಎಂದಿರುವ ಬಿಳಿ ಬೆಳಕಿನದು ಸಾಕು. ಎರಡನ್ನೂ ಅಕ್ಕಪಕ್ಕ ಕಟ್ಟಿ, ಸಸಿಯ ತಲೆಯಿಂದ 15 ಸೆಂ.ಮೀ. ಎತ್ತರದಲ್ಲಿ ತೂಗುಹಾಕಿದರೆ ಸುಮಾರು 10 ಸಾವಿರ ಲಕ್ಸ್ ಬೀಳುತ್ತದೆ. ಎತ್ತರ ಬಹಳ ಮುಖ್ಯ. ಅದೇ ಟ್ಯೂಬ್ ಗೋಡೆಯ ಮೇಲ್ಗಡೆ ಇದ್ದರೆ ಸಸಿಗೆ ಇದ್ದೂ ಇಲ್ಲದಂತೆ. ಹದಿನಾರು ಗಂಟೆ ಉರಿಸಿದರೆ ದಿನಕ್ಕೆ 0.64 ಯೂನಿಟ್ ಆಗುತ್ತದೆ. ಗಾಳಿಮಳೆಗೆ ಮರ ಬಿದ್ದು ದಿನವಿಡೀ ಕರೆಂಟ್ ಹೋದರೆ ಟ್ರೇಯನ್ನು ಎರಚಲು ಹೊಡೆಯದ ಕಡೆ, ಜಗಲಿಯ ಅಂಚಿಗೆ ತಂದಿಡಿ. ಒಳಗಿಗಿಂತ ಅಲ್ಲಿ ಹತ್ತು ಪಟ್ಟು ಬೆಳಕಿರುತ್ತದೆ.

ಬೆಳಕು ಎಷ್ಟು ಎನ್ನುವಷ್ಟೇ ಯಾವಾಗ ಎನ್ನುವುದೂ ಮುಖ್ಯ. ‘ಮೊಳಕೆ ಬರುವವರೆಗೆ ಕತ್ತಲಲ್ಲಿ ಮುಚ್ಚಿಡಿ’ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಲೆಟ್ಯೂಸಿಗೆ ಅದು ಒಗ್ಗುವುದಿಲ್ಲ. ಅದರ ಎಷ್ಟೋ ತಳಿಗಳು ಮೊಳೆಯುವುದಕ್ಕೇ ಬೆಳಕು ಬೇಡುತ್ತವೆ. ಬೀಜವನ್ನು ಸ್ಪಂಜಿನ ಸೀಳಿನಲ್ಲಿ 3 ಮಿ.ಮೀ.ಗಿಂತ ಆಳಕ್ಕೆ ತುರುಕದೆ, ಮೇಲಿಂದ ಕಾಣುವಂತಿಟ್ಟು, ಮೊದಲ ದಿನದಿಂದಲೇ ಟ್ಯೂಬಿನಡಿ ಇಡಿ. ಟೊಮೆಟೊ, ಮೆಣಸಿನಕಾಯಿಯನ್ನು ಕತ್ತಲಲ್ಲಿ ಇಟ್ಟರೂ ಮೊಳೆಯುತ್ತವೆ, ಆದರೆ ದಿನಕ್ಕೆ ಎರಡು ಸಲ ನೋಡಲೇಬೇಕು. ಮೊಳಕೆ ಬಾಗಿ ತಲೆ ಎತ್ತಿದ ಮೇಲೆ ಒಂದು ರಾತ್ರಿ ಕತ್ತಲಲ್ಲಿ ಉಳಿದರೂ ಒಂದೆರಡು ಸೆಂ.ಮೀ. ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡದ್ದನ್ನು ಮತ್ತೆ ಗಿಡ್ಡ ಮಾಡಲು ಬರುವುದಿಲ್ಲ.

ಇನ್ನು ಕೊಳೆಯ ಮಾತು. ಕಾಫಿ ನರ್ಸರಿ ಮಾಡಿದವರಿಗೆ ಇದು ಗೊತ್ತಿರುವ ಶತ್ರುವೇ. ಅಲ್ಲಿ ಸಸಿಯ ಕತ್ತು ಕೊಳೆಸುವ ರೈಜೋಕ್ಟೋನಿಯಾ ಶಿಲೀಂಧ್ರ ಇಲ್ಲೂ ಬರುತ್ತದೆ, ಜೊತೆಗೆ ನೀರಿನಲ್ಲಿ ಈಜಿಕೊಂಡು ಹರಡುವ ಪಿಥಿಯಂ ಎಂಬ ರೋಗಾಣು. ಎರಡಕ್ಕೂ ಬೇಕಾದ್ದು ನಿಂತ ಗಾಳಿ ಮತ್ತು ಆರದ ತೇವ. ಟ್ರೇಗೆ ಪಾರದರ್ಶಕ ಮುಚ್ಚಳ ಹಾಕುವ ಪದ್ಧತಿ ಒಣಹವೆಯ ಊರಿನವರದು. ಜುಲೈ ತಿಂಗಳ ಚಿಕ್ಕಮಗಳೂರಿನಲ್ಲಿ, ಸಕಲೇಶಪುರದಲ್ಲಿ ಗಾಳಿಯೇ ಒದ್ದೆ ಬಟ್ಟೆಯಂತಿರುವಾಗ ಮುಚ್ಚಳದ ಅಗತ್ಯವೇ ಇಲ್ಲ. ಟ್ರೇಯಲ್ಲಿ ನೀರು 5 ಮಿ.ಮೀ. ಮೀರದಿರಲಿ. 2.5 ಸೆಂ.ಮೀ. ಸ್ಪಂಜು ಕೆಳಗಿನಿಂದ ತಾನೇ ಹೀರಿಕೊಳ್ಳುತ್ತದೆ. ಶುರುವಿನಲ್ಲಿ ಅದನ್ನು ನೀರಿನೊಳಗೆ ಹಿಂಡಿ ಗಾಳಿ ಬಿಡಿಸಿರಬೇಕು, ಇಲ್ಲದಿದ್ದರೆ ನಡುವೆ ಒಣ ತೇಪೆ ಉಳಿದು ಬೀಜ ಅಲ್ಲೇ ಒಣಗುತ್ತದೆ. ಮೊಳಕೆ ಎದ್ದ ಮೇಲೆ ಮೇಲಿನಿಂದ ಸ್ಪ್ರೇ ಮಾಡುವುದನ್ನು ನಿಲ್ಲಿಸಿ. ಸಣ್ಣ ಯುಎಸ್‌ಬಿ ಫ್ಯಾನೊಂದನ್ನು ಎಲೆ ತುಸುವೇ ಅಲುಗುವಷ್ಟು ದೂರದಲ್ಲಿಡಿ. ಅಲುಗಾಡಿದ ಕಾಂಡ ದಪ್ಪವಾಗುವುದೂ ಹೌದು.

ಕೊಳೆ ಕಂಡ ಸ್ಪಂಜುಗಳನ್ನು ಅಕ್ಕಪಕ್ಕದ ನಾಲ್ಕರ ಸಮೇತ ಎಸೆಯುವುದೇ ಲೇಸು. ಟ್ರೇಯನ್ನು ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ. ಹಳೆಯ ಸ್ಪಂಜನ್ನು ಮತ್ತೆ ಬಳಸಬೇಡಿ, ಉಳಿತಾಯವಾಗುವುದು ಚಿಲ್ಲರೆ ಕಾಸು. ಕಾಫಿ ಚರಟವನ್ನು ಗೊಬ್ಬರವೆಂದು ಇಲ್ಲಿಗೆ ತರುವವರೂ ಇದ್ದಾರೆ. ಅದು ಕಾಂಪೋಸ್ಟಿಗೆ ಸರಿ, ಸಸಿ ಟ್ರೇಯಲ್ಲಿ ಬೂಷ್ಟು ಹಿಡಿಯುತ್ತದೆ.

ಸ್ಪಂಜಿನ ಬದಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಳಸುವುದಾದರೆ 650 ಗ್ರಾಂ ಇಟ್ಟಿಗೆಯನ್ನು 4 ಲೀಟರ್ ನೀರಲ್ಲಿ ಉಬ್ಬಿಸಿ, ಎರಡು ಮೂರು ಸಲ ತೊಳೆದು ಹಿಂಡಿ. ತೊಳೆಯದ ಪೀಟ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣ ಉಳಿದಿರುತ್ತದೆ. ಮುಷ್ಟಿಯಲ್ಲಿ ಅಮುಕಿದರೆ ಒಂದೆರಡು ಹನಿ ಮಾತ್ರ ಬೀಳುವ ಹದ ಸರಿ. ಮಳೆಗಾಲಕ್ಕೆ ಮೂರು ಪಾಲಿಗೆ ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿ.

ಪೋಷಕಾಂಶ ಶುರು ಮಾಡುವುದು ಬೀಜದೆಲೆಗಳ ನಡುವಿನಿಂದ ಮೊದಲ ನಿಜವಾದ ಎಲೆ ಇಣುಕಿದಾಗ. ಇಸಿ (ನೀರಿನಲ್ಲಿ ಕರಗಿದ ಲವಣದ ಅಳತೆ) 0.5ರಿಂದ 0.8, ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5. ಇಲ್ಲಿ ನೀರಿನ ಮೂಲ ನೋಡಿಕೊಳ್ಳಿ. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಲ್ಲಿ ಗೊಬ್ಬರ ಹಾಕುವ ಮುಂಚೆಯೇ ಮೀಟರ್ ಈ ಇಸಿ ಅಂಕಿ ದಾಟಿರಬಹುದು. ಅಂಥಲ್ಲಿ ಮಳೆನೀರು ಬೆರೆಸಿ ತಿಳಿ ಮಾಡಬೇಕು. ಬರೀ ಮಳೆನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಎರಡು ಬಾಟಲಿಯಲ್ಲಿ ಬರುವ ಎ, ಬಿ ಪೋಷಕಾಂಶ ದ್ರಾವಣ ಎರಡನ್ನೂ ಸಮನಾಗಿ ಹಾಕಿ. ಗಟ್ಟಿ ರೂಪದಲ್ಲಿ ಎರಡನ್ನೂ ಒಟ್ಟಿಗೆ ಸುರಿದರೆ ಕ್ಯಾಲ್ಸಿಯಂ ಗಸಿಯಾಗಿ ತಳ ಸೇರುತ್ತದೆ. ಒಂದನ್ನು ನೀರಿಗೆ ಹಾಕಿ ಕದಡಿದ ಮೇಲೆ ಇನ್ನೊಂದು.

ಈಗ ಟ್ರೇಯಲ್ಲಿ ಮಲಗಿರುವುದು ಲೆಟ್ಯೂಸ್ ಆದರೆ, ಕಾಂಡ 4 ಸೆಂ.ಮೀ. ದಾಟಿದ್ದರೆ ಬಿಟ್ಟುಬಿಡಿ, ಹೊಸ ಬೀಜ ಹಾಕಿದರೆ ಎರಡು ಮೂರು ದಿನಕ್ಕೆ ಮೊಳಕೆ. ಟೊಮೆಟೊ ಆದರೆ ಉಳಿಸಬಹುದು. ಬೀಜದೆಲೆಯ ಬುಡದವರೆಗೆ ಕೊಕೊಪೀಟ್‌ನಲ್ಲಿ ಹೂತರೆ ಕಾಂಡದಿಂದಲೇ ಬೇರು ಬಿಡುತ್ತದೆ. ಲೆಟ್ಯೂಸನ್ನು ಹಾಗೆ ಹೂತರೆ ಕೊಳೆಯುವುದೇ ಹೆಚ್ಚು.

ಹೊಸ ಸಸಿಗೆ ಎರಡು ಮೂರು ನಿಜವಾದ ಎಲೆ ಬಂದು, ಸ್ಪಂಜಿನ ಕೆಳಗೆ ಬಿಳಿ ಬೇರು ಒಂದೆರಡು ಸೆಂ.ಮೀ. ಇಳಿದಾಗ, ಅಂದರೆ ಬಿತ್ತಿದ ಎರಡು ವಾರದ ಆಸುಪಾಸಿನಲ್ಲಿ, ಪೈಪಿಗೆ ಸೇರಿಸಿ. ಮೊದಲ ನಾಲ್ಕೈದು ದಿನ ನೀರು ನೆಟ್ ಪಾಟಿನ (ಸಸಿ ಕೂರಿಸುವ ಜಾಲರಿ ಬಟ್ಟಲಿನ) ತಳವನ್ನು ಮುಟ್ಟುತ್ತಿರಲಿ. ಬೇರು ತಾನೇ ನೀರಿಗಿಳಿದ ಮೇಲೆ ಮಟ್ಟವನ್ನು ಎರಡು ಸೆಂ.ಮೀ. ಇಳಿಸಿ.