'ಪಫ್' ಎನ್ನದ ಪಫರ್

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಇಂಗ್ಲೆಂಡಿನ ಥಾರ್ನ್ ಊರಲ್ಲಿ ಕಟ್ಟಿದ ಪುಟ್ಟ ಹಡಗದು. ಹೆಸರಿಡುವಷ್ಟು ಪುರುಸೊತ್ತು ಯಾರಿಗಿತ್ತು? ನಂಬರ್ ಕೊಟ್ಟರು: ವಿಐಸಿ 32. ಮದ್ದುಗುಂಡು, ದಿನಸಿಗಳನ್ನು ನೌಕಾಪಡೆಯ ದೊಡ್ಡ ಹಡಗುಗಳಿಗೆ ಮುಟ್ಟಿಸುವ ಲೈಟರ್ ಜಾತಿಯ ದೋಣಿ. ಲೈಟರ್ ಅಂದರೆ ಒಲೆ ಹಚ್ಚುವುದಲ್ಲ, ಹಡಗಿನ ಹೊರೆ ಹಗುರ ಮಾಡುವುದು.

ಅಷ್ಟು ಹೊತ್ತಿಗೆ ಡೀಸೆಲ್ ಎಂಜಿನ್ ಹೊಸದೇನಲ್ಲ. ಆದರೂ ಇದಕ್ಕೆ ಹಾಕಿದ್ದು ಹಬೆ ಎಂಜಿನ್. ತೈಲ ಬರಬೇಕಾದದ್ದು ಸಮುದ್ರದ ಮೇಲೆ, ಜರ್ಮನ್ ಜಲಾಂತರ್ಗಾಮಿಗಳ ಕಣ್ಣು ತಪ್ಪಿಸಿ. ಕಲ್ಲಿದ್ದಲು ಮಾತ್ರ ಬ್ರಿಟನ್ನಿನ ನೆಲದಲ್ಲೇ ಇತ್ತು. ವಿನ್ಯಾಸವೂ ಹಳೆಯದೇ: ಸ್ಕಾಟ್ಲೆಂಡಿನ 'ಪಫರ್' ದೋಣಿ. ಉದ್ದ ಸುಮಾರು 66 ಅಡಿ, ಏಕೆಂದರೆ ಅಲ್ಲಿನ ಫೋರ್ತ್–ಕ್ಲೈಡ್ ಕಾಲುವೆಯ ಲಾಕ್‌ಗಳೊಳಗೆ (ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಕಟ್ಟೆಗಳೊಳಗೆ) ಅದಕ್ಕಿಂತ ಹೆಚ್ಚಿನದು ಹಿಡಿಸುತ್ತಿರಲಿಲ್ಲ. ತಳ ಚಪ್ಪಟೆ. ಜೆಟ್ಟಿ ಇಲ್ಲದ ಕಡೆ ಉಬ್ಬರದಲ್ಲಿ ಮರಳಿಗೆ ಏರಿಸಿ, ಇಳಿತದಲ್ಲಿ ಗಾಡಿಗಳನ್ನು ಪಕ್ಕಕ್ಕೇ ತಂದು ಸರಕು ಇಳಿಸುತ್ತಿದ್ದರು.

ಪಫರ್ ಎಂಬ ಹೆಸರು ಬಂದದ್ದು ಸದ್ದಿನಿಂದ. ಕಾಲುವೆಯಲ್ಲಿ ಸಿಹಿನೀರಿಗೆ ಬರವೇ? ಕೆಲಸ ಮುಗಿಸಿದ ಹಬೆಯನ್ನು ಹಳೆಯ ಪಫರ್‌ಗಳು ಹೊಗೆಕೊಳವೆಯಿಂದ 'ಪಫ್, ಪಫ್' ಎಂದು ಉಗುಳಿಬಿಡುತ್ತಿದ್ದವು, ಉಗಿಬಂಡಿಯ ಹಾಗೆ. ಸಮುದ್ರಕ್ಕಿಳಿದಾಗ ಈ ದುಂದುಗಾರಿಕೆ ನಡೆಯಲಿಲ್ಲ.

ಬಾಯ್ಲರಿಗೆ ಸಮುದ್ರದ ನೀರನ್ನೇ ತುಂಬಿದರೆ ಏನಾಗುತ್ತದೆ, ಲೆಕ್ಕ ಹಾಕಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸಾವಿರ ಲೀಟರ್ ಆವಿಯಾದರೆ ಬಾಯ್ಲರಿನಲ್ಲಿ 35 ಕಿಲೋ ಉಪ್ಪು! ನಮ್ಮ ಬೋರ್‌ವೆಲ್ ನೀರು ಕಾಯಿಸುವ ಗೀಸರಿನ ಕಾಯಿಲ್‌ಗೆ ಬಿಳಿ ಗಾರೆ ಕಟ್ಟುವುದನ್ನು ನೋಡಿದವರಿಗೆ ಮುಂದಿನದು ಗೊತ್ತು. ಆ ಪದರ ಶಾಖವನ್ನು ಸರಿಯಾಗಿ ದಾಟಗೊಡುವುದಿಲ್ಲ. ನೀರಿಗೆ ಹೋಗಬೇಕಾದ ಬಿಸಿ ಉಕ್ಕಿನಲ್ಲೇ ಉಳಿದು, ತಗಡು ಮೆತ್ತಗಾಗುತ್ತದೆ. ಒಳಗೆ ಒತ್ತಡದ ಹಬೆ ಇರುವಾಗ ಅದು ಆಟದ ಮಾತಲ್ಲ.

ಅದಕ್ಕೇ ಕಂಡೆನ್ಸರ್. ವಿಐಸಿ 32ರಲ್ಲಿ ಹಬೆ ಮೊದಲು ಸಣ್ಣ ಸಿಲಿಂಡರಿನ ಪಿಸ್ಟನ್ ತಳ್ಳಿ, ಅಲ್ಲಿ ಒತ್ತಡ ಇಳಿದ ಮೇಲೆ ದೊಡ್ಡ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಆಮೇಲೆ ತಣ್ಣನೆಯ ಸಮುದ್ರನೀರಿನ ಸಹವಾಸದಲ್ಲಿ, ಅದರ ಜತೆ ಬೆರೆಯದೆ, ಮತ್ತೆ ನೀರಾಗಿ ಬಾಯ್ಲರಿಗೆ ವಾಪಸ್ಸು. ಅದೇ ನೀರು, ಸುತ್ತಿ ಸುತ್ತಿ.

ಯುದ್ಧ ಮುಗಿದ ಮೇಲೂ ಸರಕಾರಿ ಚಾಕರಿ ಮಾಡಿದ ಈ ದೋಣಿಯನ್ನು 1975ರಲ್ಲಿ ಗಂಡ-ಹೆಂಡತಿ ಇಬ್ಬರು ಕೊಂಡು ರಿಪೇರಿ ಮಾಡಿದರು. ಮದ್ದುಗುಂಡು ತುಂಬುತ್ತಿದ್ದ ಜಾಗದಲ್ಲಿ ಪ್ರವಾಸಿಗರ ಹಾಸಿಗೆಗಳು ಬಂದವು. ದುಡ್ಡು ಕೊಟ್ಟು ಬಂದವರೇ ಸಲಿಕೆ ಹಿಡಿದು ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದರು, ಖುಷಿಯಿಂದ. ಕೊಳವೆಯಿಂದ ಕಪ್ಪು ಹೊಗೆಯೇನೋ ಏಳುತ್ತಿತ್ತು, 'ಪಫ್' ಸದ್ದಿಲ್ಲ.