ಇಟಲಿಯ ದುಬಾರಿ ಪೆನ್ನು: ಬರೆಯೋದಾ, ಪೆಟ್ಟಿಗೆಯಲ್ಲಿ ಇಡೋದಾ?

ಓದುಗರ ಪ್ರಶ್ನೆ: ಇಟಲಿಯ ಫೌಂಟನ್ ಪೆನ್ನೊಂದು ಕೈಗೆ ಬಂದಿದೆ. ಅರ್ಧ ಲಕ್ಷಕ್ಕಿಂತ ಜಾಸ್ತಿ ಬೆಲೆಯದು. ಬರೆದರೆ ಎಲ್ಲಿ ಹಾಳಾಗುತ್ತದೋ ಅಂತ ಪೆಟ್ಟಿಗೆಯಲ್ಲೇ ಭದ್ರವಾಗಿ ಇಟ್ಟಿದ್ದೇನೆ. ಇದು ಸರಿನಾ? ಬರೆಯುವುದಾದರೆ ಹೇಗೆ ನೋಡಿಕೊಳ್ಳಬೇಕು?

ಬರೆಯಿರಿ. ದಿನಾ ನಾಲ್ಕು ಸಾಲಾದರೂ ಬರೆಯಿರಿ. ಇಂಕ್ ಹಾಕಿ ಮರೆತುಬಿಟ್ಟ ಪೆನ್ನು ಹಾಳಾಗುವಷ್ಟು ಬರೆಯುವ ಪೆನ್ನು ಹಾಳಾಗುವುದಿಲ್ಲ. ಕೆಲವು ಪೆನ್ನುಗಳ ಮಟ್ಟಿಗಂತೂ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೇ ದೊಡ್ಡ ಶತ್ರು. ಆದರೆ ಇಂಕ್ ಬಾಟಲಿ ತೆರೆಯುವ ಮುಂಚೆ ಎರಡು ವಿಷಯ ತಿಳಿದುಕೊಳ್ಳಿ. ಪೆನ್ನಿನ ಮೈ ಯಾವುದರಿಂದ ಮಾಡಿದ್ದು? ಅದು ಇಂಕನ್ನು ಹೇಗೆ ಎಳೆದುಕೊಳ್ಳುತ್ತದೆ? ಕಂಪನಿಯ ಹೆಸರು, ಬೆಲೆ, ಲಿಮಿಟೆಡ್ ಎಡಿಷನ್ ನಂಬರು ಎಲ್ಲ ಆಮೇಲೆ. ಆರೈಕೆ ಹೇಗಿರಬೇಕು ಅನ್ನುವುದನ್ನು ಹೇಳುವುದು ಈ ಎರಡೇ.

ಮೊದಲು ಸೆಲ್ಯುಲಾಯ್ಡ್, ಅಂದರೆ ಪೆನ್ನಿನ ಮೈಗೆ ಬಳಸುವ ಒಂದು ಹಳೆಯ ಬಗೆಯ ಪ್ಲಾಸ್ಟಿಕ್. ಇಟಲಿಯ ಪೆನ್ನಿನ ಹುಚ್ಚು ಹಿಡಿದವರಲ್ಲಿ ಬಹಳ ಜನಕ್ಕೆ ಹುಚ್ಚು ಹತ್ತುವುದು ಇದರಿಂದಲೇ. ಬೊಲೋನ್ಯಾ ಊರಲ್ಲಿ 1925ರಲ್ಲಿ ಅರ್ಮಾಂಡೊ ಸಿಮೋನಿ ಶುರು ಮಾಡಿದ ಓಮಾಸ್ ಕಂಪನಿಯ ಹನ್ನೆರಡು ಮುಖದ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಮೇಲೆ ಬಳಿದ ಹಾಗೆ ಕಾಣುವುದಿಲ್ಲ, ಒಳಗಿನಿಂದ ಬಂದ ಹಾಗೆ ಕಾಣುತ್ತದೆ. ತಿರುಗಿಸಿದಂತೆ ಹೊಳಪು ಜಾಗ ಬದಲಿಸುತ್ತದೆ. ಅಕ್ರಿಲಿಕ್ ರೆಸಿನ್ ಅನ್ನುವ ಈಗಿನ ಪ್ಲಾಸ್ಟಿಕ್‌ನಲ್ಲಿ ಈಗ ಚೆನ್ನಾಗಿ ಅನುಕರಿಸುತ್ತಾರೆ, ನಿಜ. ಆದರೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗಿಬಿಡುತ್ತದೆ.

ಈ ಸೆಲ್ಯುಲಾಯ್ಡ್ ಮಾಡುವುದು ಹತ್ತಿಯಂಥ ನಾರಿನಿಂದ. ನಾರನ್ನು ನೈಟ್ರಿಕ್ ಆಸಿಡ್‌ನಿಂದ ಸಂಸ್ಕರಿಸಿ, ಅದಕ್ಕೆ ಕರ್ಪೂರ ಬೆರೆಸುತ್ತಾರೆ. ಹೌದು, ನಮ್ಮ ದೇವರ ಮನೆಯ ಕರ್ಪೂರವೇ. ಸೆಲ್ಯುಲಾಯ್ಡ್ ಪೆನ್ನಿನ ಕ್ಯಾಪ್ ತೆಗೆದು ಮೂಗಿನ ಹತ್ತಿರ ಹಿಡಿದರೆ ತೆಳುವಾಗಿ ಆ ವಾಸನೆ ಬರುತ್ತದೆ. ಅಸಲಿಯೋ ಅಲ್ಲವೋ ಅಂತ ನೋಡಲು ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಇದು ಬೆಂಕಿ ಹಿಡಿಯುವುದೂ ಕರ್ಪೂರದಷ್ಟೇ ಬೇಗ. ದೀಪ, ಒಲೆ, ಸಿಗರೇಟಿನ ಹತ್ತಿರ ತರಬೇಡಿ. ಮಾಡಿದ ಸರಳುಗಳನ್ನು ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕಡೆಯಬೇಕು. ಅವಸರ ಮಾಡಿದರೆ ಪೆನ್ನು ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ದುಬಾರಿ ಆಗುವುದಕ್ಕೆ ಇದೂ ಒಂದು ಕಾರಣ.

ಪೆಟ್ಟಿಗೆ ಯಾಕೆ ಶತ್ರು ಅಂದೆ? ಸೆಲ್ಯುಲಾಯ್ಡ್ ವರ್ಷಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಅನಿಲ ಬಿಡುತ್ತದೆ. ಆ ಅನಿಲದಲ್ಲಿ ಆಮ್ಲದ ಗುಣ ಇದೆ. ಗಾಳಿಯಾಡಿದರೆ ಅದು ಹೊರಟುಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲಾದರೆ ಅಲ್ಲೇ ನಿಂತು ಅದೇ ಪೆನ್ನನ್ನು ತಿನ್ನಲು ಶುರು ಮಾಡುತ್ತದೆ. ಶಾಖ, ತೇವ ಎರಡೂ ಇದನ್ನು ಜೋರು ಮಾಡುತ್ತವೆ. ಕೆಟ್ಟ ಪೆನ್ನಿನಲ್ಲಿ ಮೊದಲು ಒಳಗೊಳಗೇ ಬಲೆಯಂಥ ಬಿರುಕು ಕಾಣುತ್ತದೆ, ಕರ್ಪೂರದ ವಾಸನೆ ಹೋಗಿ ಮೂಗಿಗೆ ಹೊಡೆಯುವ ಹುಳಿ ವಾಸನೆ ಬರುತ್ತದೆ. ಆಮೇಲೆ ಪುಡಿಪುಡಿ. ಇದಕ್ಕೆ ಔಷಧ ಇಲ್ಲ. ಇಂಥದ್ದೊಂದು ಸಂಗ್ರಹದಲ್ಲಿ ಕಂಡರೆ ತಕ್ಷಣ ಬೇರೆ ಕಡೆಗೆ ಸಾಗಿಸಿ, ಯಾಕೆಂದರೆ ಅದರ ಆವಿ ಪಕ್ಕದ ಪೆನ್ನುಗಳನ್ನೂ ಕೆಡಿಸುತ್ತದೆ.

ಹಾಗಾಗಿ ಕಂಪನಿ ಕೊಟ್ಟ ಆ ಮೆರುಗಿನ ಪೆಟ್ಟಿಗೆಯನ್ನು ಬಿಲ್ಲು, ಗ್ಯಾರಂಟಿ ಕಾರ್ಡಿಗೆ ಬಳಸಿಕೊಳ್ಳಿ. ಪೆನ್ನು ಮೇಜಿನ ಡ್ರಾಯರಿನಲ್ಲಿ, ಹತ್ತಿ ಬಟ್ಟೆಯ ಮೇಲೆ, ಬಿಸಿಲು ಬೀಳದ ಕಡೆ ಇರಲಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬೇಡ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವ ಪೆನ್ನೂ ಸುಖವಾಗಿರುವುದಿಲ್ಲ, ಸೆಲ್ಯುಲಾಯ್ಡ್ ಅಂತೂ ಬಾಗಿಯೇ ಹೋಗಬಹುದು. ಒರೆಸಲು ಒಣ ಮೆತ್ತನೆ ಬಟ್ಟೆ ಸಾಕು. ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ತಾಕಿದರೆ ಮೇಲ್ಮೈ ಕರಗುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹಸಿಗೈಯಲ್ಲೇ ಪೆನ್ನು ಹಿಡಿಯುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಅದರಲ್ಲಿರುವುದೂ ಆಲ್ಕೋಹಾಲೇ ಅಲ್ವಾ?

ನಿಮ್ಮ ಪೆನ್ನು ಬಣ್ಣಬಣ್ಣವಾಗಿದೆ ಅಂದಮಾತ್ರಕ್ಕೆ ಸೆಲ್ಯುಲಾಯ್ಡ್ ಅಂದುಕೊಳ್ಳಬೇಡಿ. ಈಗ ಬರುವ ಇಟಲಿ ಪೆನ್ನುಗಳಲ್ಲಿ ಹೆಚ್ಚಿನವು ರೆಸಿನ್. ರೆಸಿನ್ ಆದರೆ ಮೇಲೆ ಹೇಳಿದ ಭಯದಲ್ಲಿ ಮುಕ್ಕಾಲು ಭಾಗ ಬಿಡಬಹುದು. ಬೀಳಿಸದಿದ್ದರೆ ಸಾಕು.

ಫ್ಲಾರೆನ್ಸ್‌ನ ವಿಸ್ಕೊಂತಿ ಕಂಪನಿ, ಅದು ಶುರುವಾದದ್ದು 1988ರಲ್ಲಿ, ಇನ್ನೊಂದು ದಾರಿ ಹಿಡಿಯಿತು. ಅದರ ಹೋಮೋ ಸೇಪಿಯನ್ಸ್ ಪೆನ್ನಿನ ಮೈಯಲ್ಲಿ ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಲಾವಾ ಕಲ್ಲಿನ ಪುಡಿ ಇದೆ, ರೆಸಿನ್ ಜೊತೆ ಬೆರೆಸಿದ್ದು. ಕೈಗೆ ಕಲ್ಲಿನ ಹಾಗೇ ತಣ್ಣಗೆ, ಸ್ವಲ್ಪ ಒರಟು. ಇದರ ಮೈಗೆ ಹೊಳಪು ಬರಿಸುವ ಪಾಲಿಶ್ ಹಾಕಲು ಹೋಗಬೇಡಿ, ಆ ಮಂಕೇ ಅದರ ಚಂದ. ಕಂಚಿನ ಪಟ್ಟಿ ಇರುವ ಮಾದರಿಯಲ್ಲಿ ಕಂಚು ಕಪ್ಪಾಗುತ್ತದೆ. ಅದು ದೋಷ ಅಲ್ಲ, ಕಂಚಿನ ಸ್ವಭಾವ. ಬೇಕಾದವರು ಉಜ್ಜಿಕೊಳ್ಳಬಹುದು. ನಾನಾದರೆ ಬಿಡುತ್ತೇನೆ.

ಬೆಳ್ಳಿ ಪೆನ್ನಿಗೆ ಹೆಸರಾದದ್ದು ಮಾಂಟೆಗ್ರಾಪ್ಪಾ. ಉತ್ತರ ಇಟಲಿಯ ಬಾಸ್ಸಾನೊ ದೆಲ್ ಗ್ರಾಪ್ಪಾ ಊರಲ್ಲಿ 1912ರಿಂದ ಇದೆ. 925 ಅಂತ ಮುದ್ರೆ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ನಮ್ಮ ಮನೆಯ ಬೆಳ್ಳಿ ಪಾತ್ರೆ ಕಪ್ಪಾಗುವ ಕಾರಣಕ್ಕೇ ಇದೂ ಕಪ್ಪಾಗುತ್ತದೆ: ಗಂಧಕ. ಇಲ್ಲೊಂದು ಚಿಕ್ಕ ಎಚ್ಚರಿಕೆ ಇದೆ, ನಮ್ಮವರಿಗೆ ವಿಶೇಷವಾಗಿ. ಪೆನ್ನು ಕೂಡಿಡುವ ಹವ್ಯಾಸ ಇದ್ದವರ ಬಳಿ ರಾಜಮಂಡ್ರಿ ಕಡೆಯ ಎಬೊನೈಟ್ ಪೆನ್ನು ಒಂದಾದರೂ ಇದ್ದೇ ಇರುತ್ತದೆ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಅದನ್ನೂ ಬೆಳ್ಳಿ ಪೆನ್ನನ್ನೂ ಒಂದೇ ಪೌಚಿನಲ್ಲಿ ಇಟ್ಟರೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿಡುವುದೂ ಅಷ್ಟೇ ಕೆಟ್ಟದ್ದು. ಉಜ್ಜಲು ಬೆಳ್ಳಿಗೆಂದೇ ಸಿಗುವ ಬಟ್ಟೆ ಬಳಸಿ. ವಿಭೂತಿ, ಟೂತ್‌ಪೇಸ್ಟ್ ಮನೆಮದ್ದುಗಳು ದೀಪಕ್ಕೆ ಸರಿ, ಕೆತ್ತನೆ ಇರುವ ಪೆನ್ನಿಗೆ ಬೇಡ. ಸಂದಿಯಲ್ಲಿ ಕೂತರೆ ತೆಗೆಯುವುದು ಕಷ್ಟ.

ಈಗ ಎರಡನೆಯ ಪ್ರಶ್ನೆ, ಇಂಕ್ ಎಳೆಯುವ ರೀತಿ.

ಟ್ಯೂರಿನ್‌ನ ಔರೋರಾ ಕಂಪನಿ 1919ರಲ್ಲಿ ಹುಟ್ಟಿದ್ದು. ಒಲಿವೆತ್ತಿ ಕಂಪನಿಯ ಪ್ರಸಿದ್ಧ ಲೆತ್ತೆರಾ 22 ಟೈಪ್‌ರೈಟರ್ ವಿನ್ಯಾಸ ಮಾಡಿದ ಮಾರ್ಚೆಲ್ಲೊ ನಿಟ್ಸೋಲಿ ಅವರೇ ಇದರ 88 ಎಂಬ ಪೆನ್ನನ್ನೂ 1947ರಲ್ಲಿ ವಿನ್ಯಾಸ ಮಾಡಿದರು. ಆ ಹೆಸರು ಇವತ್ತಿಗೂ ಉಳಿದಿದೆ. 88, ಅದೇ ಕಂಪನಿಯ ಆಪ್ಟಿಮಾ ಎರಡರಲ್ಲೂ ಪಿಸ್ಟನ್ ಇದೆ. ಹಿಂದಿನ ತುದಿ ತಿರುಗಿಸಿದರೆ ಪೆನ್ನೇ ಇಂಕ್ ಕುಡಿಯುತ್ತದೆ. ಇದರಲ್ಲೊಂದು ಗುಟ್ಟಿನ ಜೇಬೂ ಇದೆ. ಇಂಕ್ ಮುಗಿಯಿತು ಅನ್ನಿಸಿದಾಗ ಪಿಸ್ಟನ್ ಪೂರ್ತಿ ಕೆಳಗೆ ತಿರುಗಿಸಿದರೆ ಉಳಿಸಿಟ್ಟ ಇಂಕ್ ನಿಬ್ಬಿಗೆ ಬರುತ್ತದೆ, ಒಂದು ಪುಟ ಬರೆಯಬಹುದು. ಮೀಟಿಂಗ್ ಮಧ್ಯೆ ಇದು ಮಾನ ಕಾಪಾಡುತ್ತದೆ. ತೊಳೆಯುವಾಗ ಮಾತ್ರ ಇದೇ ಜಾಗದಲ್ಲಿ ಹಳೆ ಇಂಕ್ ಅಡಗಿ ಕೂರುತ್ತದೆ. ನೀರು ತಿಳಿಯಾಯಿತು ಅನ್ನಿಸಿದ ಮೇಲೂ ಇನ್ನೊಂದಿಷ್ಟು ಸಲ ತುಂಬಿ ಚೆಲ್ಲಿ.

ಹೋಮೋ ಸೇಪಿಯನ್ಸ್‌ನಲ್ಲಿರುವುದು ನಿರ್ವಾತದ ತಂತ್ರ. ಹಿಂದಿನ ಗುಂಡಿ ಬಿಚ್ಚಿ ಕಡ್ಡಿಯನ್ನು ಹೊರಗೆ ಎಳೆಯಬೇಕು, ನಿಬ್ಬು ಇಂಕಿನಲ್ಲಿ ಮುಳುಗಿಸಬೇಕು, ಒಂದೇ ಒತ್ತಿಗೆ ಒಳಗೆ ತಳ್ಳಬೇಕು. ಕಡ್ಡಿ ಕೊನೆ ಮುಟ್ಟಿದಾಗ ಇಂಕ್ ಸರ್ರನೆ ಮೇಲೇರುತ್ತದೆ. ತಕ್ಷಣ ಎತ್ತಬೇಡಿ, ಕೆಲವು ಸೆಕೆಂಡು ಅಲ್ಲೇ ಇರಲಿ. ತುಂಬಲು ಮಜಾ, ತೊಳೆಯಲು ಬೇಜಾರು. ಹಾಗಾಗಿ ವಾರಕ್ಕೊಂದು ಬಣ್ಣ ಬದಲಿಸುವವರಿಗೆ ಈ ಪೆನ್ನು ಹೇಳಿ ಮಾಡಿಸಿದ್ದಲ್ಲ. ಅವರಿಗೆ ಕನ್ವರ್ಟರ್, ಅಂದರೆ ಬಿಚ್ಚಿ ತೆಗೆಯಬಹುದಾದ ಇಂಕಿನ ಕೊಳವೆ, ಇರುವ ಪೆನ್ನೇ ಸರಿ. 2018ರಲ್ಲಿ ಶುರುವಾದ ಲಿಯೊನಾರ್ಡೊ ಕಂಪನಿಯ ಮೊಮೆಂತೊ ಜೀರೊ ಅಂಥದ್ದು. ಕನ್ವರ್ಟರ್ ಬಿಚ್ಚಿ ತೊಳೆದರೆ ಐದು ನಿಮಿಷದ ಕೆಲಸ. ಪಿಸ್ಟನ್ ಬಿಗಿಯಾದರೆ ಬಲ ಹಾಕಬೇಡಿ, ನೀವೇ ಬಿಚ್ಚಲೂ ಹೋಗಬೇಡಿ. ರಿಪೇರಿ ಗೊತ್ತಿರುವವರ ಕೈಗೆ ಕೊಡಿ.

ಇಂಕ್ ವಿಷಯ ಜಾಸ್ತಿ ಎಳೆಯುವುದಿಲ್ಲ. ಫೌಂಟನ್ ಪೆನ್ನಿಗೆಂದು ಮಾಡಿದ, ನೀರಿನಲ್ಲಿ ಸುಲಭವಾಗಿ ತೊಳೆದುಹೋಗುವ ನೀಲಿ ಅಥವಾ ಕಪ್ಪಿನಿಂದ ಶುರು ಮಾಡಿ. ಚಿತ್ರ ಬರೆಯುವ ಇಂಡಿಯನ್ ಇಂಕ್ ಯಾವತ್ತೂ ಬೇಡ. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ಪೆನ್ನಿನ ಗಂಟಲು ಕಟ್ಟುತ್ತದೆ. ಮಿನುಗು ಪುಡಿ ಇರುವ ಇಂಕುಗಳನ್ನು ಅಗ್ಗದ ಪೆನ್ನಿನಲ್ಲಿ ಆಡಿಕೊಳ್ಳಿ. ತಿಳಿ ಬಣ್ಣದ ಸೆಲ್ಯುಲಾಯ್ಡ್ ಇದ್ದರೆ ಗಾಢ ಕೆಂಪು, ನೇರಳೆ ಇಂಕ್ ಕಲೆ ಉಳಿಸಬಹುದು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇಂಕ್ ಬಾಟಲಿಯ ಮೇಲೆ ಒಂದು ಕಣ್ಣಿಡಬೇಕು. ಇಂಕಿನ ಮೇಲೆ ಬಿಳಿ ಪೊರೆಯೋ ಎಳೆಎಳೆಯೋ ಕಂಡರೆ ಅದು ಬೂಷ್ಟು. ಸೋಸಿ ಬಳಸುವ ಯೋಚನೆ ಮಾಡಬೇಡಿ, ಬಾಟಲಿ ಸಮೇತ ಎಸೆಯಿರಿ. ಪೆನ್ನಿನೊಳಗೆ ಹೋದ ಬೂಷ್ಟು ಸುಲಭಕ್ಕೆ ಹೋಗುವುದಿಲ್ಲ.

ತೊಳೆಯುವುದು ತಿಂಗಳಿಗೊಮ್ಮೆ ಸಾಕು, ಬಣ್ಣ ಬದಲಿಸಿದಾಗಲೂ ತೊಳೆಯಿರಿ. ತಣ್ಣೀರು ಮಾತ್ರ. ಬಿಸಿನೀರು ತಾಕಿದರೆ ಎಬೊನೈಟ್ ಬಣ್ಣಗೆಡುತ್ತದೆ, ಸೆಲ್ಯುಲಾಯ್ಡ್ ಆಕಾರ ಕೆಡುತ್ತದೆ. ಬೋರ್‌ವೆಲ್ ಗಡಸು ನೀರು ಬರುವ ಮನೆಯಲ್ಲಿ ಕೊನೆಯ ಸುತ್ತಿಗೆ ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ಬಕೆಟ್ಟಿನ ಅಂಚಲ್ಲಿ ಕೂರುವ ಬಿಳಿ ಸುಣ್ಣವೇ ನಿಬ್ಬಿನ ಕೆಳಗಿನ ಸಣ್ಣ ಗೀರುಗಳಲ್ಲೂ ಕೂರುತ್ತದೆ. ಇಡೀ ಪೆನ್ನನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಬೇಡಿ. ನಿಬ್ಬು ಮುಳುಗುವಷ್ಟು ಸಾಕು.

ಇನ್ನು ನಿಬ್ಬು. ಇಟಲಿಯ ಎಷ್ಟೋ ಪೆನ್ನುಗಳ ನಿಬ್ಬು ಜರ್ಮನಿಯಲ್ಲಿ ತಯಾರಾದದ್ದು, ಬಾಕ್ ಅಥವಾ ಯೋವೋ ಕಂಪನಿಯದ್ದು. ಔರೋರಾ ಮಾತ್ರ ಬಹಳ ಹಿಂದಿನಿಂದ ತನ್ನ ನಿಬ್ಬನ್ನು ತಾನೇ ಮಾಡಿಕೊಂಡು ಬಂದಿದೆ. ಅದರಲ್ಲಿ ಬರೆಯುವಾಗ ಕಾಗದದ ಮೇಲೆ ಸಣ್ಣ ಸರಸರ ಕೈಗೆ ಗೊತ್ತಾಗುತ್ತದೆ. ಮೊದಲ ಸಲ ಬರೆದವರು ನಿಬ್ಬು ಕೆಟ್ಟಿದೆ ಅಂದುಕೊಂಡು ಮರಳು ಕಾಗದದ ಮೇಲೆ ಉಜ್ಜಲು ಹೊರಡುತ್ತಾರೆ. ದಯವಿಟ್ಟು ಬೇಡ, ಅದು ಬೇಕೆಂದೇ ಹಾಗಿರುವುದು. ಹೊಸ ಪೆನ್ನು ಬಿಟ್ಟುಬಿಟ್ಟು ಬರೆದರೆ ಮೊದಲು ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ತೊಳೆದು ನೋಡಿ. ತಯಾರಿಕೆಯ ಎಣ್ಣೆ ಉಳಿದಿರುತ್ತದೆ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗಲೂ ಸರಿಹೋಗದಿದ್ದರೆ ಅಂಗಡಿಯವರಿಗೆ ವಾಪಸ್ ಕೊಡಿ. ಇಷ್ಟು ದುಡ್ಡು ಕೊಟ್ಟ ಮೇಲೆ ಸಂಕೋಚ ಯಾಕೆ?

ಒಂದು ಪೆನ್ನು ಬಂದ ಮೇಲೆ ಎರಡನೆಯದು ಬೇಕು ಅನ್ನಿಸುತ್ತದೆ, ಅದು ಈ ಹವ್ಯಾಸದ ಕಾಯಿಲೆ. ಆಗ ಲಿಮಿಟೆಡ್ ಎಡಿಷನ್ ಅನ್ನುವ ಮಾತಿಗೆ ಮರುಳಾಗಬೇಡಿ. ಔರೋರಾ 888 ಪೆನ್ನುಗಳ ಸರಣಿಗಳನ್ನು ತರುತ್ತಿರುತ್ತದೆ, ನೋಡಲು ಚಂದವೇ. ಆದರೆ ಬರೆಯುವ ನಿಬ್ಬು, ಪಿಸ್ಟನ್ ಹೆಚ್ಚುಕಮ್ಮಿ ಮಾಮೂಲಿ ಪೆನ್ನಿನದ್ದೇ. ಮುಂದೆ ಬೆಲೆ ಏರುತ್ತದೆ ಅಂತ ಕೊಂಡರೆ ಏರದೇ ಇರುವ ಸಾಧ್ಯತೆಯೇ ಜಾಸ್ತಿ. ಕೈಗೆ ಒಪ್ಪಿದ್ದು ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಓಮಾಸ್ ನೋಡುತ್ತಿದ್ದರೆ ಮಾತ್ರ ಬೇರೆ ಲೆಕ್ಕ. ಆ ಕಂಪನಿ 2016ರಲ್ಲಿ ಮುಚ್ಚಿತು. ಉಳಿದ ಸೆಲ್ಯುಲಾಯ್ಡ್ ಕೈ ಬದಲಾಗಿ ಬೇರೆ ಹೆಸರಿನ ಪೆನ್ನುಗಳಾಗಿ ಬಂತು, ಆದರೆ ಹಳೆ ಪೆನ್ನು ಕೆಟ್ಟರೆ ಅದನ್ನು ಮಾಡಿದ ಆ ಹಳೆ ಕಂಪನಿಗೆ ಕಳಿಸುವ ದಾರಿ ಇಲ್ಲ. ಆದ್ದರಿಂದ ಮಾರುವವರಿಂದ ಮೂರು ಫೋಟೊ ಕೇಳಿ. ಕ್ಯಾಪಿನ ಬಾಯಿಯ ಅಂಚು, ಯಾಕೆಂದರೆ ಕೂದಲೆಳೆ ಬಿರುಕು ಮೊದಲು ಬರುವುದು ಅಲ್ಲೇ. ಮೈಯನ್ನು ದೀಪಕ್ಕೆ ಎದುರು ಹಿಡಿದದ್ದು ಒಂದು, ಒಳಗಿನ ಬಿರುಕಿಗೆ. ನಿಬ್ಬಿನ ತುದಿಯನ್ನು ಎದುರಿನಿಂದ ತೆಗೆದದ್ದು ಒಂದು, ಸೀಳಿನ ಎರಡು ಬದಿಯೂ ಸಮ ಇವೆಯಾ ಅಂತ ನೋಡಲು. ಪಿಸ್ಟನ್ ನೀರು ಎಳೆಯುವ ಪುಟ್ಟ ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು. ತೀರಾ ಹಳೆಯದಾದರೆ ಪಿಸ್ಟನ್ನಿನ ಬಿರಡೆ ಕಾರ್ಕಿನದ್ದಾಗಿರುತ್ತದೆ. ಅದು ಒಣಗಿ ಸೋರುತ್ತದೆ, ಬದಲಿಸಬೇಕಾಗುತ್ತದೆ. ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ಕೇಳಿ. ಗೊತ್ತಿಲ್ಲ ಅಂದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.