ಬೀದರಿನ ಚೌಬಾರಾವನ್ನು ಗಡಿಯಾರಕ್ಕಾಗಿಯೇ ಕಟ್ಟಿದ್ದಾ?

ಪ್ರಶ್ನೆ: ಬೀದರಿನ ಹಳೆ ಊರಿನ ಚೌಬಾರಾ ಮೊದಲಿಂದಲೂ ಗಡಿಯಾರದ ಗೋಪುರವೇ? ಅರ್ಧ ದಿನದಲ್ಲಿ ಅದರ ಆಸುಪಾಸು ಏನೇನು ನೋಡಬಹುದು?

ಅಲ್ಲ, ಅದು ಕಾವಲು ಗೋಪುರ. ನೆತ್ತಿಯ ಮೇಲಿನ ಗಡಿಯಾರ ಆಮೇಲೆ ಬಂದು ಕೂತದ್ದು. ಗೋಪುರದ ಎತ್ತರ 71 ಅಡಿ, ಒಳಗೆ ಸುತ್ತಿಕೊಂಡು ಏರುವ 80 ಮೆಟ್ಟಿಲು. ಬರೀ ಹೊತ್ತು ತೋರಿಸಲು ಇಷ್ಟು ದಪ್ಪ ಗೋಡೆ ಯಾರೂ ಎಬ್ಬಿಸುವುದಿಲ್ಲ. ಬೀದರ್ ಇರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ಊರ ನಡುವೆ ಇಷ್ಟೆತ್ತರ ಹತ್ತಿ ನಿಂತವನಿಗೆ ಕೋಟೆಯೂ ಕಾಣುತ್ತಿತ್ತು, ಅದರಾಚೆಯ ತಗ್ಗು ನೆಲವೂ ಕಾಣುತ್ತಿತ್ತು. ಈಗ ಮೇಲೆ ಹತ್ತಲು ಸಾಮಾನ್ಯವಾಗಿ ಬಿಡುವುದಿಲ್ಲ.

ನಾಲ್ಕು ದಾರಿ ಇಲ್ಲಿ ಕೂಡುತ್ತವೆ. ಉತ್ತರದ ದಾರಿ ಹಿಡಿಯಿರಿ, ನೋಡುವಂಥದ್ದು ಹೆಚ್ಚಾಗಿ ಅತ್ತಲೇ ಇದೆ. ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಬಹಮನಿ ದೊರೆಗಳ ಈ ಮಂತ್ರಿ 1472ರಲ್ಲಿ ಕಟ್ಟಿಸಿದ್ದು, ಮೂರು ಅಂತಸ್ತು. ಇಲ್ಲಿ ಹಲವರು ಮಾಡುವ ತಪ್ಪೆಂದರೆ ಮಧ್ಯಾಹ್ನ ಹೋಗುವುದು. ಕಟ್ಟಡದ ಮುಖ ಪೂರ್ವಕ್ಕಿದೆ. ಹೊತ್ತು ಇಳಿದ ಮೇಲೆ ಅದು ಪೂರ್ತಿ ನೆರಳಿಗೆ ಬೀಳುತ್ತದೆ, ನೀಲಿ ಹಸಿರು ಹೆಂಚಿನ ಬಣ್ಣ ಮಂಕಾಗುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಎದುರು ನಿಲ್ಲಿ. ಉಳಿದಿರುವ ಒಂದೇ ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಕೂರಿಸಿದ ಹೆಂಚಿನ ಸಾಲುಗಳನ್ನು ಆಗ ಒಂದೊಂದಾಗಿ ಎಣಿಸಬಹುದು. ಇದರ ಜೋಡಿ ಮಿನಾರು ಎಲ್ಲಿ ಹೋಯಿತು? ಮೊಗಲರ ಕಾಲದಲ್ಲಿ ಇಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. 1690ರ ದಶಕದಲ್ಲಿ ಅದು ಸಿಡಿದು, ಮುಂಭಾಗದ ದೊಡ್ಡ ಪಾಲಿನ ಜೊತೆ ಅದೂ ಉರುಳಿತು. ಓದುವ ಮನೆಯಲ್ಲಿ ಮದ್ದು ಇಟ್ಟರೆ ಇನ್ನೇನಾದೀತು!

ಹಾಗೇ ಮುಂದೆ ನಡೆದರೆ ಕೋಟೆ. ಬಹಮನಿ ಸುಲ್ತಾನ ಅಹಮದ್ ಷಾ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದ್ದು. ಕೋಟೆಯೊಂದಕ್ಕೇ ಎರಡು ತಾಸು ಬೇಕು. ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿನ ಕೋಣೆಗಳಿಗೆ ಬೀಗ ಹಾಕಿರುವುದುಂಟು. ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೋಡಬೇಕಿದ್ದರೆ ಒಳಗೆ ಹೋದ ಕೂಡಲೇ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ವಾಪಸು ಬರುವಾಗ ಚೌಬಾರಾ ಕಡೆಯ ಬಿದರಿ ಅಂಗಡಿಗಳಲ್ಲಿ ನಿಲ್ಲಿ. ಬಿದರಿ ಎಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿದ ಸಾಮಾನು. ಸತುವು ಹದಿನಾರು ಪಾಲು, ತಾಮ್ರ ಒಂದು ಪಾಲು. ಕೆತ್ತಿದ ಗೆರೆಯಲ್ಲಿ ಬೆಳ್ಳಿ. ಕೊನೆಗೆ ಹಳೆ ಕೋಟೆಯ ಮಣ್ಣನ್ನು ನವಸಾಗರ ಎಂಬ ಲವಣದ ನೀರಲ್ಲಿ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊಂಡ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹುಳಿಗೆ ಕಪ್ಪು ಕಿತ್ತುಬರುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.